ಬೆಕ್ಕಿಗೂ ಶುಗರ್ ಬರುತ್ತೆ, ಸಂಜೆ ಹೊತ್ತು ಬಾಗಿಲು ತೆರೆಯಿರಿ: ಹಾಸನದಿಂದ ಒಂದು ಬಹಿರಂಗ ಪತ್ರ

ಹಾಸನ ಜಿಲ್ಲೆಯ ಪಶುವೈದ್ಯ ಸೇವೆಯ ಹೊಣೆ ಹೊತ್ತಿರುವ ಅಧಿಕಾರಿಗಳಿಗೆ,

ನಮಸ್ಕಾರ.

ನನ್ನ ಬೇಡಿಕೆ ಏನು ಅಂತ ಮೊದಲೇ ಹೇಳಿಬಿಡುತ್ತೇನೆ. ಹಾಸನ ನಗರದಲ್ಲಿ ವಾರಕ್ಕೆ ಒಂದೆರಡು ದಿನವಾದರೂ ಸಂಜೆ ಹೊತ್ತು, ಬೆಕ್ಕು ನಾಯಿಗಳಿಗೆ ಅಂತಲೇ ಒಂದು ಸರ್ಕಾರಿ ಪಶು ಚಿಕಿತ್ಸಾಲಯದ ಬಾಗಿಲು ತೆರೆದಿರಲಿ. ಅಲ್ಲಿ ಚೀಟಿ ಬರೆದುಕೊಡುವುದರ ಜೊತೆಗೆ, ಮನೆಯವರಿಗೆ ಸೂಜಿ ಹಾಕುವುದನ್ನೂ ಶುಗರ್ ನೋಡುವುದನ್ನೂ ಕೂರಿಸಿಕೊಂಡು ಕಲಿಸುವವರು ಒಬ್ಬರಿರಲಿ. ಹೊಸ ಕಟ್ಟಡ ಬೇಡ, ದುಬಾರಿ ಯಂತ್ರವೂ ಬೇಡ. ಯಾಕೆ ಕೇಳುತ್ತಿದ್ದೇನೆ ಅಂತ ಹೇಳುವುದಕ್ಕೆ ಮಾತ್ರ ಸ್ವಲ್ಪ ಜಾಗ ಬೇಕು, ದಯವಿಟ್ಟು ಓದಿ.

ನಾನು ಇದೇ ಊರಲ್ಲಿ ಎಂ.ಎಸ್ಸಿ. ಓದುತ್ತಿರುವ ಹುಡುಗಿ. ಮನೆ ಅರಕಲಗೂಡಿನ ಕಡೆ. ಗುಂಡ ನಮ್ಮ ಬೆಕ್ಕು, ಒಂಬತ್ತು ವರ್ಷದ ಗಂಡು. ಮರಿಯಾಗಿದ್ದಾಗಲೇ ಸಂತಾನಹರಣದ ಆಪರೇಷನ್ ಆಗಿದೆ. ಹೆಸರಿಗೆ ತಕ್ಕ ಹಾಗೆ ದಪ್ಪಗಿದ್ದ. ಅವನಿಗೆ ಶುಗರ್ ಇದೆ ಅಂತ ಮೊದಲು ಪತ್ತೆ ಮಾಡಿದ್ದು ಇರುವೆಗಳು. ಅವನ ಮರಳಿನ ತಟ್ಟೆಗೆ ಸಾಲುಗಟ್ಟಿ ಬರಲು ಶುರುಮಾಡಿದವು. ಅಮ್ಮ ಸುತ್ತಲೂ ಅರಿಸಿನಪುಡಿ ಹಾಕಿದರು, ಜಾಗ ಬದಲಾಯಿಸಿದರು, ಇರುವೆ ಬಿಡಲಿಲ್ಲ. ಅದರ ಜೊತೆಗೆ ನೀರಿನ ಬಟ್ಟಲು ಇಟ್ಟಷ್ಟೂ ಖಾಲಿ. ಮೂರು ಹೊತ್ತು ಕೇಳಿ ಕೇಳಿ ತಿನ್ನುತ್ತಿದ್ದ, ಆದರೂ ಬೆನ್ನು ಸವರಿದರೆ ಮೂಳೆ ಕೈಗೆ ಸಿಗುತ್ತಿತ್ತು. ಕೊನೆಕೊನೆಗೆ ಹಿಂಗಾಲಿನ ಹಿಮ್ಮಡಿ ಪೂರ್ತಿ ನೆಲಕ್ಕೆ ಊರಿ ನಡೆಯತೊಡಗಿದ. ಅಟ್ಟಕ್ಕೆ ಹಾರುತ್ತಿದ್ದವನು ಕುರ್ಚಿ ಹತ್ತಿರ ಬಂದು ನಿಂತು ಮೇಲೆ ನೋಡುತ್ತಿದ್ದ. ಎಲ್ಲರೂ ಹೇಳಿದ್ದು ಒಂದೇ ಮಾತು: ವಯಸ್ಸಾಯ್ತಲ್ವಾ.

ವಯಸ್ಸಲ್ಲ. ಜಾಸ್ತಿ ನೀರು, ಜಾಸ್ತಿ ಉಚ್ಚೆ, ತಿಂದರೂ ತೂಕ ಇಳಿಯುವುದು, ಇವು ಬೆಕ್ಕಿನ ಸಕ್ಕರೆ ಕಾಯಿಲೆಯ ಸರಿಯಾದ ಗುರುತುಗಳು. ಹಿಮ್ಮಡಿ ಊರುವುದು, ಸಕ್ಕರೆ ಏರಿ ಕಾಲಿನ ನರಗಳಿಗೆ ಪೆಟ್ಟಾದಾಗ ಬರುತ್ತದೆ. ಬೆಕ್ಕಿಗೆ ಬರುವ ಶುಗರ್ ಹೆಚ್ಚಾಗಿ ನಮ್ಮ ಹಿರಿಯರಿಗೆ ಬರುತ್ತದಲ್ಲ, ಆ ಎರಡನೇ ಬಗೆಯದನ್ನೇ ಹೋಲುತ್ತದೆ. ನಡುವಯಸ್ಸು ದಾಟಿದ, ಆಪರೇಷನ್ ಆದ, ಮೈ ಬಂದಿರುವ ಗಂಡು ಬೆಕ್ಕುಗಳಿಗೆ ಅಪಾಯ ಜಾಸ್ತಿ. ಕೆರೆತಕ್ಕೋ ಉಬ್ಬಸಕ್ಕೋ ಕೊಡುವ ಸ್ಟೀರಾಯ್ಡ್, ಅದರಲ್ಲೂ ಬಹಳ ದಿನ ಮೈಯಲ್ಲಿ ಉಳಿಯುವ ಇಂಜೆಕ್ಷನ್, ಕೆಲವು ಬೆಕ್ಕುಗಳಲ್ಲಿ ಕಾಯಿಲೆಯನ್ನು ಎಬ್ಬಿಸಿಬಿಡುತ್ತದೆ. ನಿಮ್ಮ ಮನೆಯ ಬೆಕ್ಕಿಗೆ ಈ ಗುರುತುಗಳಿದ್ದರೆ ಇರುವೆ ಬರುವ ತನಕ ಕಾಯಬೇಡಿ ಅಂತ ಪತ್ರ ಓದುತ್ತಿರುವ ಎಲ್ಲರಿಗೂ ಹೇಳುತ್ತಿದ್ದೇನೆ.

ಒಂದು ಕಡೆ ತೋರಿಸಿದೆವು. ಹೆಸರು ಬೇಡ. ಅಲ್ಲಿದ್ದವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು: "ದಿನಕ್ಕೆ ಎರಡು ಸಲ ಇನ್ಸುಲಿನ್, ಜೀವನಪೂರ್ತಿ. ಓದೋ ಹುಡುಗಿ ನೀನು, ಇದೆಲ್ಲ ಆಗೋದಲ್ಲ. ನಿದ್ದೆ ಇಂಜೆಕ್ಷನ್ ಕೊಡಿಸೋದು ಒಳ್ಳೇದು." ಅಂದರೆ ನೋವಿಲ್ಲದೆ ಸಾಯಿಸುವ ಇಂಜೆಕ್ಷನ್. ಅಮ್ಮ ಅಳುತ್ತಾ ಬುಟ್ಟಿ ಎತ್ತಿಕೊಂಡರು. ಅವರು ಹೇಳಿದ್ದು ಕ್ರೂರ ಅಂತ ನನಗೆ ಅನಿಸುವುದಿಲ್ಲ. ಸಾಕಲು ನಿಜವಾಗಿಯೂ ಆಗದೆ ಆ ದಾರಿ ಹಿಡಿದವರನ್ನು ಬೈಯುವ ಹಕ್ಕೂ ನನಗಿಲ್ಲ. ಆದರೆ ಆಗುತ್ತೋ ಇಲ್ವೋ ಅಂತ ತೀರ್ಮಾನ ಮಾಡುವುದಕ್ಕೆ ಲೆಕ್ಕ ಬೇಕಲ್ವಾ? ಎಷ್ಟು ದುಡ್ಡು, ಎಷ್ಟು ಹೊತ್ತು, ಏನೇನು ಕಲಿಯಬೇಕು? ಅದನ್ನು ಯಾರೂ ಹೇಳಲಿಲ್ಲ. ಆ ಲೆಕ್ಕ ಇಲ್ಲಿ ಕೊಡುತ್ತೇನೆ.

ಇನ್ಸುಲಿನ್ ಅಂದ ತಕ್ಷಣ ಎಲ್ಲರೂ ಹೆದರುವುದು ಅದರ ಬೆಲೆಗೆ. ತಮಾಷೆ ಅಂದರೆ, ಇಡೀ ಖರ್ಚಿನಲ್ಲಿ ಕಡಿಮೆ ಅದೇ. ಬೆಕ್ಕಿಗೆ ಹೆಚ್ಚಾಗಿ ಬರೆಯುವುದು ಗ್ಲಾರ್ಜಿನ್ ಎಂಬ ಇನ್ಸುಲಿನ್, ಮನುಷ್ಯರು ತೆಗೆದುಕೊಳ್ಳುವುದೇ. ಬೆಂಗಳೂರಿನ ಬಯೋಕಾನ್ ಕೂಡ ಇದನ್ನು ತಯಾರಿಸುತ್ತದೆ. 2022ರ ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಗೂ ಇದು ಸೇರಿದೆ. 3 ಮಿಲೀ ಕಾರ್ಟ್ರಿಜ್‌ನಲ್ಲಿ, ಅಂದರೆ ಇನ್ಸುಲಿನ್ ತುಂಬಿದ ಸಣ್ಣ ಗಾಜಿನ ಕೊಳವೆಯಲ್ಲಿ, 300 ಯೂನಿಟ್ ಇರುತ್ತದೆ. ಬೆಕ್ಕಿಗೆ ಸಾಮಾನ್ಯವಾಗಿ ಶುರುಮಾಡುವುದು ಹೊತ್ತಿಗೆ ಒಂದು ಯೂನಿಟ್ ಆಸುಪಾಸಿನಿಂದ. ದಿನಕ್ಕೆ ಎರಡು, ಮೂರು ಯೂನಿಟ್ ಖರ್ಚಾದರೆ ಒಂದು ಕಾರ್ಟ್ರಿಜ್ ಎಷ್ಟು ದಿನ ಬರುತ್ತದೆ ನೀವೇ ಲೆಕ್ಕ ಹಾಕಿ. ಬಳಸಲು ಶುರುಮಾಡಿದ ಮೇಲೆ 28 ದಿನ ಅಂತ ಮನುಷ್ಯರ ಲೇಬಲ್ ಹೇಳುತ್ತದೆ. ನಮ್ಮ ಈಗಿನ ಡಾಕ್ಟ್ರು, ಫ್ರಿಜ್‌ನಲ್ಲಿಟ್ಟು ನೀರಿನಷ್ಟು ತಿಳಿಯಾಗಿರುವ ತನಕ ಇನ್ನೂ ಸ್ವಲ್ಪ ಕಾಲ ಬಳಸಬಹುದು, ಮಬ್ಬು ಕಂಡರೆ ಅವತ್ತೇ ಬಿಸಾಕು ಅಂದಿದ್ದಾರೆ. ಫ್ರೀಜರ್‌ಗೆ ಹಾಕಬಾರದು, ಕುಲುಕಬಾರದು, ನೀರು ಬೆರೆಸಬಾರದು. ಮಳೆಗಾಲದಲ್ಲಿ ಕರೆಂಟ್ ಹೋಗಿ ಫ್ರಿಜ್ ನಿಂತರೂ ನನಗೆ ಗಾಬರಿಯಿಲ್ಲ, 30 ಡಿಗ್ರಿ ದಾಟದಿದ್ದರೆ ಅದು ತಡೆದುಕೊಳ್ಳುತ್ತದೆ. ನಮ್ಮೂರನ್ನು ಬಡವರ ಊಟಿ ಅಂತಾರಲ್ಲ, ಅದು ನನ್ನ ಪಾಲಿಗೆ ಹೀಗೆ ಉಪಯೋಗಕ್ಕೆ ಬಂತು. ಏಪ್ರಿಲ್‌ನಲ್ಲಿ ಮಾತ್ರ ಒದ್ದೆ ಬಟ್ಟೆ ಸುತ್ತಿದ ಮಡಕೆಯೊಳಗೆ ಡಬ್ಬಿ ಇಡುತ್ತೇನೆ.

ದುಡ್ಡು ಹೋಗುವುದು ಊಟಕ್ಕೆ, ಶುಗರ್ ನೋಡುವ ಸ್ಟ್ರಿಪ್‌ಗೆ. ಅದರ ಬಗ್ಗೆ ಆಮೇಲೆ. ಮೊದಲು ಸಿರಿಂಜ್ ವಿಷಯ ಹೇಳಬೇಕು, ಯಾಕೆಂದರೆ ಜೀವ ಹೋಗುವುದು ಅಲ್ಲಿ.

ನಮ್ಮ ದೇಶದ ಮೆಡಿಕಲ್ ಶಾಪ್‌ಗಳಲ್ಲಿ ಎರಡು ಥರದ ಇನ್ಸುಲಿನ್ ಸಿರಿಂಜ್ ಸಿಗುತ್ತವೆ. ಕೆಂಪು ಮುಚ್ಚಳದ್ದು ಯು-40, ಅಂದರೆ ಒಂದು ಮಿಲೀಗೆ 40 ಯೂನಿಟ್ ಇರುವ ಇನ್ಸುಲಿನ್‌ಗೆ. ಕಿತ್ತಳೆ ಮುಚ್ಚಳದ್ದು ಯು-100, ಒಂದು ಮಿಲೀಗೆ 100 ಯೂನಿಟ್ ಇರುವುದಕ್ಕೆ. ಹಳೇ ಬಾಟಲಿ ಇನ್ಸುಲಿನ್‌ಗಳು ಇನ್ನೂ 40ರ ಹದದಲ್ಲಿ ಬರುವುದರಿಂದ ಎರಡೂ ಅಂಗಡಿಯಲ್ಲಿ ಅಕ್ಕಪಕ್ಕ ಇರುತ್ತವೆ. ಗ್ಲಾರ್ಜಿನ್ ಸಾಮಾನ್ಯವಾಗಿ ಬರುವುದು 100ರ ಹದದಲ್ಲಿ. ಅದನ್ನು ಕೆಂಪು ಮುಚ್ಚಳದ ಸಿರಿಂಜ್‌ನಲ್ಲಿ ಒಂದು ಗೆರೆ ಎಳೆದರೆ ಒಳಗೆ ಬರುವುದು ಒಂದು ಯೂನಿಟ್ ಅಲ್ಲ, ಎರಡೂವರೆ. ನಾಲ್ಕು ಕೆ.ಜಿ. ಜೀವಕ್ಕೆ ಎರಡೂವರೆ ಪಟ್ಟು ಇನ್ಸುಲಿನ್. ಸಕ್ಕರೆ ಪಾತಾಳಕ್ಕೆ ಇಳಿದು ಫಿಟ್ಸ್ ಬರಬಹುದು, ಪ್ರಾಣವೂ ಹೋಗಬಹುದು. ತಿರುಗುಮುರುಗಾದರೆ, ಅಂದರೆ 40ರ ಇನ್ಸುಲಿನ್ ಕಿತ್ತಳೆ ಸಿರಿಂಜ್‌ಗೆ ಹೋದರೆ, ಸೇರುವುದು ಅರ್ಧಕ್ಕಿಂತ ಕಡಿಮೆ. ಆಗ ಡೋಸ್ ಸಾಲುತ್ತಿಲ್ಲ ಅಂತ ಏರಿಸುತ್ತಾ ಹೋಗುತ್ತಾರೆ.

ಒಂದು ಅಂಗಡಿಯಲ್ಲಿ ನಾನು ಕಿತ್ತಳೆ ಕೇಳಿದಾಗ ಕೆಂಪು ಕೊಟ್ಟು, "ಎರಡೂ ಇನ್ಸುಲಿನ್ ಸಿರಿಂಜೇ ತಗೊಳ್ಳಮ್ಮ" ಅಂದರು. ಇನ್ನೊಂದು ಅಂಗಡಿಯ ಅಣ್ಣ ಚೀಟಿ ನೋಡಿ ಬೆಚ್ಚಿಬಿದ್ದರು. ಹೆಸರು ಗುಂಡ, ವಯಸ್ಸು ಒಂಬತ್ತು, ತೂಕ 4.1 ಕೆ.ಜಿ. "ಮಗು ಯಾವ ಆಸ್ಪತ್ರೆಲಿದೆ?" ಅಂತ ಕೇಳಿದರು. ಬೆಕ್ಕು ಅಂದ ಮೇಲೆ ಕುರ್ಚಿಗೆ ಒರಗಿ ನಕ್ಕರು. ಆದರೆ ಡೋಸ್ ಮತ್ತೆ ಓದಿ, ಮುಚ್ಚಳದ ಬಣ್ಣ ನೋಡಿ, ಚೀಟಿಯ ಹಿಂದೆ ಕನ್ನಡದಲ್ಲಿ "ಕಿತ್ತಳೆ ಮಾತ್ರ" ಅಂತ ಬರೆದುಕೊಟ್ಟರು. ನಾನು ಈಗಲೂ ಅಲ್ಲೇ ಹೋಗುತ್ತೇನೆ. ಇನ್ಸುಲಿನ್ ಬರೆಯುವ ಪ್ರತಿ ಪಶುವೈದ್ಯರೂ ಇನ್ಸುಲಿನ್ ಯಾವ ಹದದ್ದು, ಸಿರಿಂಜ್ ಯಾವ ಬಣ್ಣದ್ದು ಅಂತ ಕನ್ನಡದಲ್ಲಿ ಒಂದು ಸಾಲು ಬರೆದರೆ ಸಾಕು. ನೀವು ಒಂದು ಸುತ್ತೋಲೆಯಲ್ಲಿ ಇದನ್ನು ಹೇಳಬಹುದು. ಕಾಸು ಖರ್ಚಿಲ್ಲ.

ಇನ್ನು ಹೊತ್ತಿನ ಮಾತು. ಇನ್ಸುಲಿನ್ ಹನ್ನೆರಡು ಗಂಟೆಗೊಮ್ಮೆ ಹಾಕಬೇಕು. ನಮ್ಮದು ಬೆಳಿಗ್ಗೆ ಏಳು, ಸಂಜೆ ಏಳು. ಕ್ಲಾಸ್, ಲ್ಯಾಬ್ ಎರಡೂ ಈ ನಡುವೆ ಮುಗಿಯುತ್ತವೆ. ಹಾಗೆ ನೋಡಿದರೆ ಓದುವವರ ದಿನಚರಿಗೆ ಇದು ಚೆನ್ನಾಗಿಯೇ ಹೊಂದುತ್ತದೆ. ಅರ್ಧ ಗಂಟೆ, ಮುಕ್ಕಾಲು ಗಂಟೆ ಆಚೀಚೆ ಆದರೆ ಪ್ರಳಯವೇನೂ ಆಗುವುದಿಲ್ಲ. ಹಾಸನಾಂಬೆ ಗುಡಿ ಬಾಗಿಲು ತೆರೆದ ದಿನಗಳಲ್ಲಿ ನಮ್ಮ ರಸ್ತೆಗಳ ಕಥೆ ನಿಮಗೇ ಗೊತ್ತು. ಜನ ನುಗ್ಗಿ ಆಟೋ ಕೂಡ ಅಲ್ಲಾಡುವುದಿಲ್ಲ. ಅಂಥ ಸಂಜೆ ತಡವಾದರೆ ಏನು ಮಾಡಬೇಕು ಅಂತ ಮುಂಚೆಯೇ ಡಾಕ್ಟ್ರ ಹತ್ತಿರ ಕೇಳಿಟ್ಟುಕೊಂಡಿದ್ದೇನೆ. ಅವರ ನಿಯಮ ಸರಳ. ಅನುಮಾನ ಬಂದರೆ ಹಾಕಬೇಡ. ಸೂಜಿ ಚರ್ಮದಾಚೆ ತೂರಿ ಔಷಧಿ ಕೂದಲಿಗೆ ಸುರಿದು ಹೋಯಿತು ಅನ್ನಿಸಿದರೂ ಇನ್ನೊಂದು ಸಲ ಹಾಕಬೇಡ. ಒಂದು ಹೊತ್ತು ತಪ್ಪಿದರೆ ಸಕ್ಕರೆ ಸ್ವಲ್ಪ ಏರುತ್ತದೆ ಅಷ್ಟೇ, ಎರಡು ಸಲ ಬಿದ್ದರೆ ಬೆಕ್ಕೇ ಉಳಿಯಲಿಕ್ಕಿಲ್ಲ. ಊಟ ಬಿಟ್ಟಿದ್ದರೆ, ವಾಂತಿ ಮಾಡುತ್ತಿದ್ದರೆ, ಹಾಕುವ ಮುಂಚೆ ಫೋನ್ ಮಾಡು.

ಸೂಜಿ ಹಾಕುವುದೇ ಕಷ್ಟ ಅಂತ ಅಂದುಕೊಂಡಿದ್ದೆವು. ಕೂದಲೆಳೆಯಂಥ ಸೂಜಿ ಅದು. ಗುಂಡ ತಟ್ಟೆಗೆ ಬಾಯಿ ಹಾಕಿದಾಗ ಪಕ್ಕೆಯ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಹಾಕಿದರೆ ಅವನು ತಲೆಯನ್ನೂ ಎತ್ತುವುದಿಲ್ಲ. ಕಷ್ಟ ಇದ್ದದ್ದು ಬೇರೆ ಕಡೆ. ಅಮ್ಮನಿಗೆ ಆ ಒಂದು ಯೂನಿಟ್‌ನ ಗೆರೆ ಕಾಣುವುದಿಲ್ಲ. ಕನ್ನಡಕ ಹಾಕಿದರೂ ಒಂದೋ ಎರಡೋ ಅಂತ ಅನುಮಾನ. ಅದಕ್ಕೇ ಗುಂಡ ಊರು ಬಿಟ್ಟು ನನ್ನ ಬಾಡಿಗೆ ರೂಮಿಗೆ ಬಂದಿದ್ದು. ಮನೆ ಓನರ್ ಮೊದಲು ಆಗಲ್ಲ ಅಂದರು. ಅವರ ಯಜಮಾನರಿಗೂ ಶುಗರ್. ಮಾರನೇ ದಿನ ಅವರೇ ಬಂದು, "ಫ್ರಿಜ್ ಇಲ್ವಲ್ಲ ನಿಮಗೆ, ನಮ್ಮದರಲ್ಲೇ ಇಡಿ" ಅಂದರು. ಈಗ ಅವರ ಇನ್ಸುಲಿನ್ ಪಕ್ಕದಲ್ಲೇ ಗುಂಡನದು, ಡಬ್ಬಿ ಮೇಲೆ ದೊಡ್ಡದಾಗಿ ಬೆಕ್ಕಿನ ಮುಖ ಬರೆದು ಅಂಟಿಸಿದ್ದೇನೆ.

ಊಟದ ಲೆಕ್ಕಕ್ಕೆ ಬರುತ್ತೇನೆ. ನಮ್ಮ ಕಡೆ ಬೆಕ್ಕು ಅಂದರೆ ಹಾಲನ್ನ, ಮೊಸರನ್ನ. ಪೇಟೆಗೆ ಬಂದರೆ ಪ್ಯಾಕೆಟ್ಟಿನ ಒಣ ಕಾಳು. ಶುಗರ್ ಬೆಕ್ಕಿಗೆ ಎರಡೂ ಒಳ್ಳೆಯದಲ್ಲ. ಬೆಕ್ಕು ಅಪ್ಪಟ ಮಾಂಸಾಹಾರಿ, ಅದಕ್ಕೆ ಬೇಕಾದ್ದು ಪ್ರೋಟೀನ್ ಜಾಸ್ತಿ ಇದ್ದು ಪಿಷ್ಟ ತೀರಾ ಕಡಿಮೆ ಇರುವ ಊಟ. ಪ್ಯಾಕೆಟ್ ಮೇಲೆ ಪಿಷ್ಟ ಎಷ್ಟು ಅಂತ ಸಾಮಾನ್ಯವಾಗಿ ಹಾಕಿರುವುದಿಲ್ಲ. ಪ್ರೋಟೀನ್, ಕೊಬ್ಬು, ನಾರು, ತೇವಾಂಶ, ಬೂದಿ ಇವಿಷ್ಟನ್ನೂ ಕೂಡಿ ನೂರರಲ್ಲಿ ಕಳೆದರೆ ಉಳಿಯುವುದೇ ಅದು. ಒಣ ಕಾಳಿನಲ್ಲಿ ಎಷ್ಟೋ ಸಲ ಮೂರನೇ ಒಂದು ಭಾಗ ಪಿಷ್ಟವೇ. ಪೌಚ್‌ನಲ್ಲಿ ಬರುವ ಹಸಿ ಊಟ ವಾಸಿ, ಆದರೆ ಮೂರು ಹೊತ್ತೂ ಅದನ್ನೇ ಹಾಕಲು ನನ್ನ ಟ್ಯೂಷನ್ ದುಡ್ಡು ಸಾಲುವುದಿಲ್ಲ. ಹಾಗಾಗಿ ಕಟ್ಟಿನಕೆರೆ ಮಾರುಕಟ್ಟೆಯಿಂದ ಕೋಳಿ ತಂದು ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಏನೂ ಹಾಕದೆ ಬೇಯಿಸುತ್ತೇನೆ, ಅದಕ್ಕೆ ಪೌಚ್ ಬೆರೆಸುತ್ತೇನೆ. ಬರೀ ಕೋಳಿ ಬೇಯಿಸಿ ಹಾಕಿದರೆ ಸಾಲದು. ಟಾರಿನ್ ಎಂಬ ಅಂಶ ಕಡಿಮೆಯಾದರೆ ಬೆಕ್ಕಿಗೆ ಕಣ್ಣು ಹೋಗುತ್ತದೆ, ಹೃದಯ ಕೆಡುತ್ತದೆ, ಅದಕ್ಕೆ ಡಾಕ್ಟ್ರು ಪುಡಿ ಬರೆದುಕೊಟ್ಟಿದ್ದಾರೆ. ಇನ್ನೊಂದು ಎಚ್ಚರಿಕೆ. ಪಿಷ್ಟ ಇಳಿಸಿದರೆ ಸಕ್ಕರೆಯೂ ಇಳಿಯುತ್ತದೆ. ಡಾಕ್ಟ್ರಿಗೆ ಹೇಳದೆ ಊಟ ಬದಲಾಯಿಸಿ ಇನ್ಸುಲಿನ್ ಮಾತ್ರ ಹಳೇ ಡೋಸ್‌ನಲ್ಲೇ ಬಿಟ್ಟರೆ ಅಪಾಯ. ದಪ್ಪ ಬೆಕ್ಕು ಅಂತ ಉಪವಾಸ ಕೆಡವುವುದು ಇನ್ನೂ ಅಪಾಯ, ಲಿವರ್ ಕೈಕೊಡುತ್ತದೆ.

ಈ ನಡುವೆ ಸಲಹೆಗಳಿಗೇನೂ ಬರವಿಲ್ಲ. ಹಾಗಲಕಾಯಿ ರಸ, ಮೆಂತ್ಯದ ನೀರು, ಅಮೃತಬಳ್ಳಿ, ಬೇವಿನ ಚಿಗುರು. ಕೊಡಲು ಹೋಗಿ ನೋಡಿ, ಬೆಕ್ಕು ನಿಮ್ಮ ಕೈಯನ್ನು ಏನು ಮಾಡುತ್ತದೆ ಅಂತ. ಅಜ್ಜನ ಮೆಟ್‌ಫಾರ್ಮಿನ್ ಮಾತ್ರೆ ಅರ್ಧ ಮಾಡಿ ಕೊಡು ಅಂದವರೂ ಇದ್ದಾರೆ. ಅದನ್ನು ನಂಬಿಕೊಂಡು ಬೆಕ್ಕಿನ ಶುಗರ್ ನಿಭಾಯಿಸಲು ಆಗುವುದಿಲ್ಲ. ಬೆಕ್ಕುಗಳಿಗೆ ಅಂತಲೇ ದಿನಕ್ಕೊಂದು ಸಲ ಬಾಯಿಗೆ ಕೊಡುವ ಔಷಧಿಗಳಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ, ಬೆಕ್ಸಾಗ್ಲಿಫ್ಲೋಜಿನ್‌ಗೆ 2022ರಲ್ಲಿ, ವೆಲಾಗ್ಲಿಫ್ಲೋಜಿನ್‌ಗೆ 2023ರಲ್ಲಿ. ಅವೂ ಎಲ್ಲ ಬೆಕ್ಕಿಗೂ ಅಲ್ಲ. ಈಗಾಗಲೇ ಇನ್ಸುಲಿನ್ ಮೇಲಿರುವ ಗುಂಡನಂಥವರಿಗೆ ಕೊಡುವಂತಿಲ್ಲ.

ಇನ್ನು ಶುಗರ್ ನೋಡುವುದು. ಸಂಜೆ ಬಾಗಿಲು ತೆರೆಯಿರಿ ಅಂತ ಕೇಳುತ್ತಿರುವುದಕ್ಕೆ ದೊಡ್ಡ ಕಾರಣ ಇದೇ. ಹೆದರಿದ ಬೆಕ್ಕಿನ ಸಕ್ಕರೆ ತಾನಾಗಿಯೇ ಏರುತ್ತದೆ. ಬುಟ್ಟಿಯಲ್ಲಿ ತುರುಕಿ, ಬಸ್ಸಿನಲ್ಲಿ ಕುಲುಕಿ, ನಾಲ್ಕು ನಾಯಿ ಬೊಗಳುವ ಜಾಗದಲ್ಲಿ ಕೂರಿಸಿ ರಕ್ತ ತೆಗೆದರೆ ಆರೋಗ್ಯವಾಗಿರುವ ಬೆಕ್ಕಿನದೂ 300ರ ಹತ್ತಿರ ತೋರಿಸಬಹುದು. ಅದಕ್ಕೇ ಕಾಯಿಲೆ ಇದೆಯೋ ಇಲ್ಲವೋ ಅಂತ ತೀರ್ಮಾನಿಸಲು ಉಚ್ಚೆಯಲ್ಲಿ ಸಕ್ಕರೆ ನೋಡುತ್ತಾರೆ, ಫ್ರಕ್ಟೋಸಮೀನ್ ಎಂಬ ರಕ್ತಪರೀಕ್ಷೆ ಮಾಡಿಸುತ್ತಾರೆ. ಅದು ಹಿಂದಿನ ಎರಡು ವಾರ ಸಕ್ಕರೆ ಸುಮಾರಾಗಿ ಹೇಗಿತ್ತು ಅಂತ ಹೇಳುತ್ತದೆ. ಡೋಸ್ ಸರಿ ಇದೆಯಾ ಅಂತ ನೋಡಲು ಎರಡು ಗಂಟೆಗೊಮ್ಮೆ ಹನ್ನೆರಡು ಗಂಟೆ ಕಾಲ ರಕ್ತ ನೋಡಬೇಕು. ಆಸ್ಪತ್ರೆಯಲ್ಲಿ ಮಾಡಿಸಿದರೆ ದುಡ್ಡೂ ಜಾಸ್ತಿ, ಹೆದರಿಕೆಯಿಂದ ಲೆಕ್ಕವೂ ತಪ್ಪು. ಮನೆಯಲ್ಲಿ ಮಾಡಿದರೆ ಎರಡೂ ಉಳಿಯುತ್ತದೆ. ನಾನು ಭಾನುವಾರ ನೋಟ್ಸ್ ಬರೆಯುತ್ತಾ ಮಾಡುತ್ತೇನೆ.

ಹೇಗೆ ಅಂತ ಕೇಳಿ. ಕಾಲುಚೀಲಕ್ಕೆ ಅಕ್ಕಿ ತುಂಬಿ ಬಿಸಿ ಮಾಡಿ ಅವನ ಕಿವಿಗೆ ಒಂದು ನಿಮಿಷ ಹಿಡಿಯುತ್ತೇನೆ. ಬೆಳಕಿಗೆ ಹಿಡಿದರೆ ಕಿವಿಯಂಚಿನಲ್ಲಿ ಕೆಂಪು ರಕ್ತನಾಳವೊಂದು ಕಾಣುತ್ತದೆ. ಅಂಚಿಗೆ ತೆಳುವಾಗಿ ವ್ಯಾಸಲೀನ್, ಹಿಂದೆ ಹತ್ತಿ. ಚುಚ್ಚಿದರೆ ವ್ಯಾಸಲೀನ್ ಇರುವುದರಿಂದ ರಕ್ತ ಕೂದಲಿಗೆ ಹರಡದೆ ಸಾಸಿವೆ ಕಾಳಿನಷ್ಟು ಗುಂಡಗೆ ನಿಲ್ಲುತ್ತದೆ. ಸ್ಟ್ರಿಪ್ ತಾಗಿಸಿದರೆ ಅದೇ ಎಳೆದುಕೊಳ್ಳುತ್ತದೆ. ಆಮೇಲೆ ಹತ್ತಿ ಒತ್ತಿಹಿಡಿದು ಒಂದು ಚೂರು ಕೋಳಿ. ಈಗ ಮೀಟರ್ ಡಬ್ಬಿಯ ಜಿಪ್ ಸದ್ದಾದರೆ ಕೋಳಿಗೆ ಅಂತ ತಾನೇ ಬಂದು ಕೂರುತ್ತಾನೆ. ಪ್ರಾಣಿಗಳ ಮೀಟರ್ ದುಬಾರಿ, ನನ್ನದು ಮನುಷ್ಯರದು. ಅದು ಬೆಕ್ಕಿನ ಸಕ್ಕರೆಯನ್ನು ಇರುವುದಕ್ಕಿಂತ ಸ್ವಲ್ಪ ಕಡಿಮೆ ತೋರಿಸುತ್ತದೆ, ಡಾಕ್ಟ್ರಿಗೆ ಯಾವ ಮೀಟರ್ ಅಂತ ಹೇಳಿದರೆ ಅವರು ಅದಕ್ಕೆ ತಕ್ಕಂತೆ ಓದಿಕೊಳ್ಳುತ್ತಾರೆ. ಸ್ಟ್ರಿಪ್ ಉಳಿಸಲು ಉಳಿದ ದಿನಗಳಲ್ಲಿ ಉಚ್ಚೆಯಲ್ಲಿ ಅದ್ದಿ ಬಣ್ಣ ನೋಡುವ ಕಡ್ಡಿ ಬಳಸುತ್ತೇನೆ. ಅದು ಅಗ್ಗ. ಇನ್ಸುಲಿನ್ ಸಾಲದೆ ಮೈಯ ಕೊಬ್ಬು ಕರಗುವಾಗ ಹುಟ್ಟುವ ಕೀಟೋನ್ ಎಂಬ ಅಂಶವನ್ನೂ ತೋರಿಸುವ ಕಡ್ಡಿ ಸಿಕ್ಕರೆ ಇನ್ನೂ ಒಳ್ಳೆಯದು. ಕೀಟೋನ್ ಬಂದು ಬೆಕ್ಕು ಊಟ ಬಿಟ್ಟು ವಾಂತಿ ಶುರುಮಾಡಿದರೆ ಅದು ತುರ್ತು. ಅಲ್ಲಿ ಒಂದು ಸಲ ಅಡ್ಮಿಟ್ ಮಾಡಿಸುವ ಖರ್ಚಿನಲ್ಲಿ ತಿಂಗಳುಗಟ್ಟಲೆ ಇನ್ಸುಲಿನ್, ಸಿರಿಂಜ್ ಎಲ್ಲ ಬರುತ್ತದೆ.

ಸಕ್ಕರೆ ತೀರಾ ಇಳಿದರೆ ಏನು ಮಾಡಬೇಕು ಅನ್ನುವುದನ್ನು ನನ್ನ ರೂಮ್‌ಮೇಟ್‌ಗೂ ಓನರ್ ಆಂಟಿಗೂ ಹೇಳಿಕೊಟ್ಟಿದ್ದೇನೆ. ಮೀಟರ್ 60ರ ಕೆಳಗೆ ತೋರಿಸಿದರೆ, ಬೆಕ್ಕು ತೂರಾಡಿದರೆ, ಕಣ್ಣು ಎಲ್ಲೋ ನೆಟ್ಟರೆ, ನಡುಗಿದರೆ ಕಾಯಬಾರದು. ತಿನ್ನುವ ಸ್ಥಿತಿಯಲ್ಲಿದ್ದರೆ ತಕ್ಷಣ ಊಟ. ಇಲ್ಲದಿದ್ದರೆ ಜೇನುತುಪ್ಪವನ್ನು ಬೆರಳಲ್ಲಿ ತೆಗೆದು ಒಸಡಿಗೆ ಸವರಬೇಕು. ಪ್ರಜ್ಞೆ ತಪ್ಪಿದ ಬೆಕ್ಕಿನ ಬಾಯಿಗೆ ಏನನ್ನೂ ಸುರಿಯಬಾರದು, ಶ್ವಾಸಕೋಶಕ್ಕೆ ಹೋಗುತ್ತದೆ. ಸವರುತ್ತಲೇ ಡಾಕ್ಟ್ರ ಹತ್ತಿರ ಓಡಬೇಕು.

ಇಷ್ಟನ್ನೂ ನನಗೆ ಕಲಿಸಿದ್ದು ಒಬ್ಬರು ಪಶುವೈದ್ಯೆ. ತಮ್ಮ ಕೆಲಸ ಮುಗಿದ ಮೇಲೆ, ಒಂದು ಸಂಜೆ, ಸಿರಿಂಜ್‌ಗೆ ಸುಮ್ನೆ ನೀರು ತುಂಬಿ ಕಿತ್ತಳೆ ಹಣ್ಣಿಗೆ ಚುಚ್ಚಿಸಿ ಚುಚ್ಚಿಸಿ ಕಲಿಸಿದರು. ಅರ್ಧ ಗಂಟೆ ಹಿಡಿದಿರಬೇಕು. ನಿದ್ದೆ ಇಂಜೆಕ್ಷನ್ನಿಗೂ ಇವತ್ತಿನ ಗುಂಡನಿಗೂ ನಡುವೆ ಇರುವುದು ಆ ಅರ್ಧ ಗಂಟೆ ಮಾತ್ರ. ಅದು ಒಬ್ಬರ ಒಳ್ಳೆಯತನದಿಂದ ಸಿಕ್ಕಿತು. ಎಲ್ಲರಿಗೂ ಸಿಗುವಂತೆ ಮಾಡುವುದು ನಿಮ್ಮ ಕೈಯಲ್ಲಿದೆ. ಹಗಲು ಹತ್ತರಿಂದ ನಾಲ್ಕು ಅಂದರೆ ಓದುವವರು, ಗಾರ್ಮೆಂಟ್ಸ್‌ಗೆ ಹೋಗುವವರು, ದಿನಗೂಲಿಯವರು ಯಾರೂ ಬೆಕ್ಕು ಹಿಡಿದು ಬರಲಾರರು. ಒಂದು ದಿನದ ಕೂಲಿ ಬಿಟ್ಟು ಬನ್ನಿ ಅಂತ ಹೇಳಲು ಯಾರಿಗೂ ಬಾಯಿ ಬರುವುದಿಲ್ಲ.

ನೀವು ಏನು ಕೇಳುತ್ತೀರಿ ಅಂತ ಗೊತ್ತು. ಹಸು ಎಮ್ಮೆ ನೋಡಲೇ ಜನ ಸಾಲದು, ಬೆಕ್ಕಿಗೆ ಎಲ್ಲಿಂದ ತರೋಣ? ನಾನು ಹಸು ಕಟ್ಟಿದ ಮನೆಯಿಂದಲೇ ಬಂದವಳು. ಡೇರಿಗೆ ಹಾಲು ಹಾಕಿದ ದುಡ್ಡಿನಲ್ಲೇ ನನ್ನ ಫೀಸ್ ಕಟ್ಟಿದ್ದು. ಕರು ಅಡ್ಡ ಬಂದು ಹಸು ಒದ್ದಾಡುತ್ತಿರುವಾಗ ಡಾಕ್ಟ್ರು ಬೆಕ್ಕಿನ ಕಿವಿ ಹಿಡಿದು ಕೂತಿರಲಿ ಅಂತ ನಾನು ಯಾಕೆ ಹೇಳಲಿ? 1962ಕ್ಕೆ ಫೋನ್ ಮಾಡಿದರೆ ಬರುವ ಪಶು ಸಂಜೀವಿನಿ ಗಾಡಿ ರೈತರ ಕೊಟ್ಟಿಗೆಗೇ ಹೋಗಲಿ. ನಾನು ಕೇಳುತ್ತಿರುವುದು ಹಸುವಿನ ಹೊತ್ತನ್ನಲ್ಲ, ಹಸುವಿನ ಕೆಲಸ ಮುಗಿದ ಮೇಲಿನ ಹೊತ್ತನ್ನು. ಅಂದಹಾಗೆ, ಬೆಕ್ಕಿನ ಇನ್ಸುಲಿನ್‌ಗೂ ದನದ ಇನ್ಸುಲಿನ್‌ಗೂ ಇರುವ ವ್ಯತ್ಯಾಸ ಒಂದೇ ಒಂದು ಅಮೈನೋ ಆಮ್ಲ. ಪರೀಕ್ಷೆಗೆ ಓದುವಾಗ ಇದನ್ನು ನೋಡಿ ಅಮ್ಮನಿಗೆ ಹೇಳಿದೆ. "ಅದಕ್ಕೇ ಇವನಿಗೆ ಕೊಟ್ಟಿಗೇಲಿ ಅಷ್ಟು ಸಲಿಗೆ" ಅಂದರು.

ಜನ ಎಲ್ಲಿಂದ ಅನ್ನುವುದಕ್ಕೂ ನನ್ನ ಹತ್ತಿರ ಒಂದು ಉತ್ತರ ಇದೆ. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜು ನಮ್ಮ ಊರಲ್ಲೇ ಇದೆ. ಎಷ್ಟೋ ಜಿಲ್ಲೆಗಳಿಗೆ ಈ ಭಾಗ್ಯ ಇಲ್ಲ. ಅಲ್ಲಿ ಓದುವವರು ಡಿಗ್ರಿ ಮುಗಿಯುವ ಮುಂಚೆ ಇಂಟರ್ನ್‌ಶಿಪ್ ಮಾಡಲೇಬೇಕು. ಒಬ್ಬ ಹಿರಿಯ ವೈದ್ಯರ ಕಣ್ಗಾವಲಿನಲ್ಲಿ ಇಬ್ಬರು ಇಂಟರ್ನಿಗಳು ಸಂಜೆ ಕೂತರೆ ಸಾಕು. ರೋಗ ಪತ್ತೆ ಮಾಡುವುದನ್ನು ಅವರು ಹೇಗೂ ಕಲಿಯುತ್ತಾರೆ. ಗಾಬರಿಯಾದ ಅಜ್ಜಿಯೊಬ್ಬರಿಗೆ ಸಿರಿಂಜ್‌ನ ಗೆರೆ ಅರ್ಥ ಮಾಡಿಸುವುದು ಬೇರೆಯೇ ವಿದ್ಯೆ, ಅದಕ್ಕೆ ಅಜ್ಜಿಯೇ ಎದುರಿಗೆ ಬೇಕು. ಇಲಾಖೆ ಮತ್ತು ಕಾಲೇಜು ಕೂತು ಮಾತಾಡಿಕೊಂಡರೆ ಆಗುವ ಕೆಲಸ ಇದು. ಶುಗರ್ ಒಂದೇ ಅಲ್ಲ, ನಾಯಿ ಕಚ್ಚಿದ ಗಾಯ, ರೇಬಿಸ್ ಲಸಿಕೆ, ಸಂತಾನಹರಣದ ವಿಚಾರ, ಎಲ್ಲವನ್ನೂ ಅದೇ ಸಂಜೆ ನೋಡಬಹುದು. ಸಣ್ಣದೊಂದು ಶುಲ್ಕ ಇಡಿ, ಕೊಡುತ್ತೇವೆ. ಪುಕ್ಕಟೆ ಕೇಳುತ್ತಿಲ್ಲ.

ನಗರಾಡಳಿತದವರಿಗೂ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಗುಂಡನಿಗೆ ತಿಂಗಳಿಗೆ ಅರವತ್ತು ಸೂಜಿ, ಓನರ್ ಅಂಕಲ್‌ದು ಬೇರೆ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳೇ ಮನೆಯಲ್ಲಿ ಬಳಸಿದ ಸೂಜಿ, ಸಿರಿಂಜ್‌ಗಳನ್ನು ಅಪಾಯಕಾರಿ ಕಸದ ಗುಂಪಿಗೆ ಸೇರಿಸಿದ್ದವು. ನಾನು ಗಟ್ಟಿ ಪ್ಲಾಸ್ಟಿಕ್ ಬಾಟಲಿಗೆ ಹಾಕಿ, ಮುಚ್ಚಳ ಬಿಗಿದು, ಡಾಕ್ಟ್ರಿಗೇ ವಾಪಸ್ ಕೊಡುತ್ತೇನೆ. ಒಣ ಕಸದ ಜೊತೆ ಸುರಿಯುವವರ ಸೂಜಿ ಚುಚ್ಚುವುದು ಪೌರಕಾರ್ಮಿಕರ ಕೈಗೆ. ಬಡಾವಣೆಗೊಂದು ಸೂಜಿ ಡಬ್ಬಿ ಇಡಿಸಿ. ಇದು ಬೆಕ್ಕಿನ ವಿಷಯವೇ ಅಲ್ಲ, ಶುಗರ್ ಇರುವ ಮನುಷ್ಯರು ನಮ್ಮ ಬೀದಿಯಲ್ಲೇ ಎಷ್ಟಿದ್ದಾರೆ ನೋಡಿ.

ಗುಂಡ ಈಗ ಹೇಗಿದ್ದಾನೆ ಅಂತ ಕೇಳುವವರಿಗೆ: ಹಿಮ್ಮಡಿ ಎತ್ತಿ ನಡೆಯುತ್ತಾನೆ, ಕುರ್ಚಿಗೆ ಹಾರುತ್ತಾನೆ, ಅಟ್ಟ ಇನ್ನೂ ಆಗಿಲ್ಲ. ಬೇಗ ಶುರುಮಾಡಿ ಹಿಡಿತಕ್ಕೆ ತಂದರೆ ಕೆಲವು ಬೆಕ್ಕುಗಳಿಗೆ ಇನ್ಸುಲಿನ್ ಬೇಡವಾಗುವುದೂ ಉಂಟು. ಇವನಿಗೆ ಆ ಯೋಗ ಇದೆಯೋ ಇಲ್ವೋ, ನೋಡೋಣ.

ಈ ಪತ್ರದ ಪ್ರತಿಯನ್ನು ನಿಮ್ಮ ಕಚೇರಿಗೂ ಅರ್ಜಿಯ ರೂಪದಲ್ಲಿ ಕೊಡುತ್ತೇನೆ, ನಮ್ಮ ಬೀದಿಯ ಬೆಕ್ಕು ನಾಯಿ ಸಾಕಿದವರ ಸಹಿ ಸೇರಿಸಿ. ಸಂಜೆ ಚಿಕಿತ್ಸಾಲಯ ಶುರುವಾದರೆ ಮೊದಲ ದಿನದ ಪಾಠಕ್ಕೆ ಗುಂಡನನ್ನು ಕರೆತರುವ ಜವಾಬ್ದಾರಿ ನನ್ನದು. ಎಷ್ಟು ಜನ ಬೇಕಾದರೂ ಸುತ್ತ ಕೂತು ಕಲಿಯಲಿ, ಕೋಳಿ ಚೂರು ಇದ್ದರೆ ಅವನು ಕಿವಿ ಕೊಡುತ್ತಾನೆ. ಏಳಕ್ಕೆ ಮಾತ್ರ ನಮ್ಮನ್ನು ಬಿಟ್ಟುಬಿಡಬೇಕು.

ಇತಿ,
ಒಬ್ಬ ಎಂ.ಎಸ್ಸಿ. ವಿದ್ಯಾರ್ಥಿನಿ
ಹಾಸನ